ಹಾಸಿಗೆಯಿಂದ ಅಂಗಳಕ್ಕೆ

ರಾವಂದೂರಿನ ನಮ್ಮ ಮನೆಯ ಹೊಸಿಲನ್ನು ಅವ್ವ ಅರವತ್ತು ವರ್ಷ ದಾಟಿದವಳು. ಮರೆವು ಹೆಚ್ಚಾದ ಮೇಲೆ ಅಲ್ಲಿ ಹಾಸಿದ್ದ ಕಪ್ಪು ಕಾಲೊರಸಿನ ಮುಂದೆ ನಿಂತು, ಹಳ್ಳ ನೋಡುವವಳಂತೆ ನೋಡುತ್ತಿದ್ದಳು. ಒಂದು ಮಳೆಗಾಲ ಅಲ್ಲೇ ಎಡವಿ ಬಿದ್ದಳು. ಮೂಳೆ ಮುರಿದಿರಲಿಲ್ಲ. ಆದರೂ ನಾನು ಹೆದರಿ ಮೂರು ವಾರ ಹಾಸಿಗೆಯಿಂದ ಏಳಗೊಡಲಿಲ್ಲ. ಊಟ ಅಲ್ಲೇ, ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದೂ ಅಲ್ಲೇ. ಬಂದವರೆಲ್ಲ "ಎಷ್ಟು ಚೆನ್ನಾಗಿ ನೋಡ್ಕೊತೀಯವ್ವ" ಎಂದರು. ನನಗೂ ಹಾಗೇ ಅನ್ನಿಸಿತ್ತು. ಕೊನೆಗೆ ಎಬ್ಬಿಸಿ ನಿಲ್ಲಿಸಿದರೆ ಅವ್ವನ ಕಾಲು ನೆಲಕ್ಕೆ ಊರಲೇ ಇಲ್ಲ.

ಇದು ನನ್ನೊಬ್ಬಳ ತಪ್ಪಲ್ಲವೆಂದು ಆಮೇಲೆ ಓದಿ ತಿಳಿದೆ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯೆ ಮಾರ್ಜರಿ ವಾರೆನ್ ಅವರಿಗೆ ಪಕ್ಕದ ಬಡವರ ಆಸ್ಪತ್ರೆಯ 714 ರೋಗಿಗಳ ಹೊಣೆ ಬಂತು. ಎಷ್ಟೋ ಮುದುಕರು ವರ್ಷಗಟ್ಟಲೆ ಮಲಗಿದಲ್ಲೇ ಇದ್ದವರು. ಯಾರೂ ಅವರನ್ನು ಸರಿಯಾಗಿ ಪರೀಕ್ಷಿಸಿರಲಿಲ್ಲ. ಈಕೆ ಒಬ್ಬೊಬ್ಬರನ್ನೇ ನೋಡಿ, ಆಗುವವರನ್ನೆಲ್ಲ ಎಬ್ಬಿಸಿ ನಡೆಸಿದರು. ಹಲವರು ಮನೆಗೇ ಹೋದರು. 1947ರಲ್ಲಿ ರಿಚರ್ಡ್ ಆಶರ್ ಎಂಬ ವೈದ್ಯರು ಮಲಗಿಯೇ ಇರುವುದರ ಅಪಾಯಗಳನ್ನು ಬರೆದರು: ಸ್ನಾಯು ಕರಗುತ್ತದೆ, ಮೂಳೆ ಸವೆಯುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅಲ್ಲಿಯವರೆಗೆ ಹಾಸಿಗೆಯೇ ಔಷಧಿ ಎಂದು ವೈದ್ಯರೂ ನಂಬಿದ್ದರಲ್ಲ! ನಮ್ಮ ದೇಶದಲ್ಲಿ ಮದರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಮುದುಕರಿಗೆಂದೇ ಪ್ರತ್ಯೇಕ ವಿಭಾಗ ಶುರುವಾದದ್ದು 1978ರಲ್ಲಿ, ಡಾ. ವಿ. ಎಸ್. ನಟರಾಜನ್ ಅವರಿಂದ.

ನಾವು ಅರಳುಮರಳು ಎಂದು ಸುಮ್ಮನಾಗುತ್ತಿದ್ದ ಕಾಯಿಲೆಯನ್ನು ಅಲೋಯಿಸ್ ಆಲ್ಝೈಮರ್ 1906ರಲ್ಲೇ ವಿವರಿಸಿದ್ದರು. ಅದು ಸಾಮಾನ್ಯವಾಗಿ ಮೊದಲು ತಿನ್ನುವುದು ಹೊಸ ನೆನಪುಗಳನ್ನು. ಮೈಗೆ ರೂಢಿಯಾದ ಕೆಲಸಗಳು ಬಹಳ ಕಾಲ ಉಳಿಯುತ್ತವೆ. ಇದು ಗೊತ್ತಿಲ್ಲದೆ ನಾನು "ಏಳವ್ವ, ಮುಂದಕ್ಕೆ ಬಾಗು, ಕೋಲು ಹಿಡಿ, ಬಲಗಾಲಿಡು" ಎಂದು ಒಂದೇ ಉಸಿರಿಗೆ ಹೇಳಿ ಅವಳನ್ನು ಕಂಗೆಡಿಸುತ್ತಿದ್ದೆ. ಫಿಸಿಯೋಥೆರಪಿಯ ಹುಡುಗಿ ಬಂದು ತಿದ್ದಿದಳು: ಒಂದು ಸಲಕ್ಕೆ ಒಂದೇ ಮಾತು, ಕೈ ಹಿಡಿದು ಎಳೆಯಬಾರದು, ಪಕ್ಕದಲ್ಲಿ ನಿಲ್ಲಬೇಕು, ಕೂರಲು ಕೈಯಿರುವ ಎತ್ತರದ ಕುರ್ಚಿ. ಕಾಲೊರಸನ್ನು ತೆಗೆಸಿದಳು. ಬಚ್ಚಲಿಗೆ ಹೋಗುವ ದಾರಿಗೆ ರಾತ್ರಿಯಿಡೀ ಸಣ್ಣ ದೀಪ.

ಆದರೂ ಅವ್ವನನ್ನು ನಿಜವಾಗಿ ಎಬ್ಬಿಸಿದ್ದು ಕೋಳಿ. ಅಂಗಳದಲ್ಲಿ ರಾಗಿ ಒಣಹಾಕಿದ್ದೆ. "ಅವ್ವಾ, ಕೋಳಿ ಬಂದ್ವು" ಎಂದೆ. ಕುರ್ಚಿಯ ಕೈ ಒತ್ತಿ, ಯಾರೂ ಹೇಳದೆ ಎದ್ದು ನಿಂತು "ಹುಶ್" ಎಂದಳು! ಅಂದಿನಿಂದ ಬೇಕಿರಲಿ ಬೇಡದಿರಲಿ, ದಿನಾ ಒಂದು ಮೊರ ರಾಗಿ ಅಂಗಳದಲ್ಲಿ.

"ಮತ್ತೆ ಬಿದ್ದರೆ ಯಾರು ಗತಿ?" ಎಂದ ಅಣ್ಣ. ಬಿದ್ದಳು, ಒಂದು ಸಲ, ಮೊಣಕೈ ತರಚಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮತ್ತೆ ರಾಗಿ ಹರವಿದೆ.

ಮೊನ್ನೆ ನನ್ನ ತೋಳು ಹಿಡಿದು ಅಂಗಳ ಸುತ್ತುತ್ತಾ "ನೀನು ಯಾರ ಮನೆಯವಳು ಮಗಾ?" ಎಂದಳು.

"ಇದೇ ಮನೆಯವಳು ಕಣವ್ವ."

"ಹಂಗಾದ್ರೆ ಆ ರಾಗಿ ನೋಡ್ಕೊ" ಎಂದು ಮುಂದಕ್ಕೆ ನಡೆದಳು.