ಆದೇಶದ ಆಚೆಗೂ ವಕೀಲ: ಜೀವನಾಂಶ, ಮಕ್ಕಳ ಸುಪರ್ದಿ ಮತ್ತು ಉಚಿತ ಕಾನೂನು ಸೇವೆಯ ವ್ಯಾಪ್ತಿ

ಸಂವಿಧಾನಕ್ಕೆ 1976ರಲ್ಲಿ ಸೇರಿದ 39ಎ ವಿಧಿಯ ಆಶಯವನ್ನು ಕಾಯ್ದೆಯ ರೂಪಕ್ಕೆ ತಂದದ್ದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ. ಅದರ 12ನೇ ಕಲಮಿನಂತೆ ಹೆಂಗಸರಿಗೂ ಮಕ್ಕಳಿಗೂ ಉಚಿತ ನೆರವು ಸಿಗಲು ಆದಾಯದ ಮಿತಿಯೇ ಇಲ್ಲ. ಆದರೂ ವಿಚ್ಛೇದನ, ಜೀವನಾಂಶ, ಮಕ್ಕಳ ಸುಪರ್ದಿಯ ಪ್ರಕರಣಗಳಲ್ಲಿ ನೆರವು ಎಂದರೆ ವಾದ ಮಾಡಲು ಒಬ್ಬ ವಕೀಲರನ್ನು ಗೊತ್ತುಪಡಿಸುವುದು ಎಂಬ ತಿಳಿವಳಿಕೆ ಬೇರೂರಿದೆ. ಈ ತಿಳಿವಳಿಕೆ ಸಾಲದು. ಇಂಥ ಪ್ರಕರಣಗಳ ಫಲ ಬಹುಮಟ್ಟಿಗೆ ನಿರ್ಧಾರವಾಗುವುದು ಆರಂಭದ ಕಾಗದಪತ್ರಗಳಲ್ಲಿ ಮತ್ತು ಆದೇಶದ ಅಮಲ್ಜಾರಿಯಲ್ಲಿ. ನೆರವು ಅಲ್ಲಿಗೆ ತಲುಪದಿದ್ದರೆ ಹಕ್ಕು ಕಡತದಲ್ಲೇ ಉಳಿಯುತ್ತದೆ.

ಮೊದಲಿಗೆ ಕಾಗದಪತ್ರದ ಮಾತು. ಹಿಂದೂ ವಿವಾಹ ಅಧಿನಿಯಮದ 24ನೇ ಕಲಮಿನ ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ಜಾರಿಯಾದ 60 ದಿನಗಳೊಳಗೆ, ಸಾಧ್ಯವಿದ್ದಷ್ಟು ಮಟ್ಟಿಗೆ, ತೀರ್ಮಾನಿಸಬೇಕೆಂದು 2001ರ ತಿದ್ದುಪಡಿ ಹೇಳಿತು. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕು ಎಂದಿತು. ಜೀವನಾಂಶ ಅರ್ಜಿ ಸಲ್ಲಿಸಿದ ದಿನದಿಂದಲೇ ಸಲ್ಲಬೇಕೆಂದೂ ಹೇಳಿತು. ಇದು ನ್ಯಾಯವಾದ ಕ್ರಮ, ಸಂದೇಹವಿಲ್ಲ. ಆದರೆ ಗಂಡನ ಸಂಬಳದ ಚೀಟಿಯನ್ನಾಗಲಿ ಜಮೀನಿನ ಪಹಣಿಯನ್ನಾಗಲಿ ಕಣ್ಣಲ್ಲಿ ಕಾಣದ ಹೆಂಗಸು ಆ ನಮೂನೆಯನ್ನು ತಾನೇ ತುಂಬಿ, ಎದುರು ಕಕ್ಷಿ ಮುಚ್ಚಿಟ್ಟದ್ದನ್ನು ಬಯಲಿಗೆಳೆಯುವುದು ಹೇಗೆ? ಯಾವ ದಾಖಲೆ ಕೇಳಬೇಕು, ಯಾರಿಂದ ತರಿಸಬೇಕು ಎಂದು ಹೇಳುವವರು ಆಗಲೇ ಜತೆಗಿರಬೇಕು.

ಅಮಲ್ಜಾರಿಯ ಕಷ್ಟ ಇದಕ್ಕಿಂತ ದೊಡ್ಡದು. ಜೀವನಾಂಶ ಕೊಡಿಸುವ, ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಬಾಕಿ ವಸೂಲಿಗೆ ವಾರಂಟ್ ಬೇಕಾದರೆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ಷರತ್ತು ಎರಡರಲ್ಲೂ ಇದೆ. ತಿಂಗಳ ಹಣ ನಿಂತಾಗ ‘ಈಗ ಕೊಟ್ಟಾನು, ಆಗ ಕೊಟ್ಟಾನು’ ಎಂದು ಕಾಯುವವರಿಗೆ ಈ ಗಡುವಿನ ಅರಿವೇ ಇರುವುದಿಲ್ಲ. ಗಡುವು ದಾಟಿದರೆ ಋಣವೇ ಅಳಿಯುವುದಿಲ್ಲ ಎಂದು ಪೂಂಗೋಡಿ ವಿರುದ್ಧ ತಂಗವೇಲ್ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಜೈಲುವಾಸ ಹಣ ವಸೂಲಿಯ ಒತ್ತಡವೇ ಹೊರತು ಬಾಕಿಯ ತೀರುವಳಿಯಲ್ಲ ಎಂಬುದು 1988ರ ಕುಲದೀಪ್ ಕೌರ್ ಪ್ರಕರಣದಲ್ಲೇ ಇತ್ಯರ್ಥವಾಗಿತ್ತು. ರಜನೇಶ್ ತೀರ್ಪು ಸಿವಿಲ್ ಡಿಕ್ರಿಯಂತೆ ಆಸ್ತಿ ಜಪ್ತಿಯ ದಾರಿಯನ್ನೂ ತೋರಿಸಿದೆ. ಗಂಡ ಬೇರೆ ಊರಿಗೆ ಹೋಗಿದ್ದರೆ ಅವನಿರುವ ಕಡೆಯ ಮ್ಯಾಜಿಸ್ಟ್ರೇಟರೇ ಆದೇಶ ಜಾರಿಮಾಡಬಹುದು. ಇಷ್ಟು ದಾರಿಗಳಿವೆ. ಯಾವುದನ್ನು ಯಾವಾಗ ಹಿಡಿಯಬೇಕೆಂಬ ತೀರ್ಮಾನಕ್ಕೆ ಮಾತ್ರ ವಕೀಲರ ತಿಳಿವಳಿಕೆಯೇ ಬೇಕು, ಆದೇಶ ಕೈಗೆ ಬಂದ ಮೇಲೆ ನೆರವು ಮುಗಿಯಿತೆಂದರೆ ಅದು ಸಿಗುವುದಿಲ್ಲ.

ವಕೀಲರು ಬಂದಷ್ಟೂ ಜಗಳ ಬೆಳೆಯುತ್ತದೆ, ಆದ್ದರಿಂದಲೇ 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ 13ನೇ ಕಲಮು ವಕೀಲರ ಮೂಲಕ ವಾದಿಸುವುದನ್ನು ಹಕ್ಕಾಗಿ ಒಪ್ಪಿಲ್ಲ ಎಂಬ ಆಕ್ಷೇಪಣೆ ಇದೆ. ರಾಜಿಗೆ ಮೊದಲ ಅವಕಾಶ ಕೊಡುವ ಆ ಕಾಯ್ದೆಯ ಕಾಳಜಿ ಗೌರವಿಸತಕ್ಕದ್ದೇ. ಆದರೆ ಅದೇ ಕಲಮು ನ್ಯಾಯದ ಹಿತಕ್ಕೆ ಬೇಕೆನಿಸಿದರೆ ಕಾನೂನು ತಜ್ಞರೊಬ್ಬರ ನೆರವು ಪಡೆಯಲು ನ್ಯಾಯಾಲಯಕ್ಕೆ ಬಿಟ್ಟಿದೆ. ಅಲ್ಲದೆ ವಕೀಲರು ಕಟಕಟೆಯ ಬಳಿ ಇಲ್ಲದ ಮಾತ್ರಕ್ಕೆ ಕಕ್ಷಿಗಳು ಸಮಾನರಾಗುವುದಿಲ್ಲ. ಹಣವಿದ್ದವರು ಹೊರಗೆ ಸಲಹೆ ಪಡೆದೇ ಒಳಗೆ ಬರುತ್ತಾರೆ. ರಾಜಿಪತ್ರಕ್ಕೂ ಇದೇ ಮಾತು ಸಲ್ಲುತ್ತದೆ: ಬೇಗ ಬಿಡುಗಡೆಯಾದರೆ ಸಾಕೆಂದು ತಾಯಿ ಮಗುವಿನ ಜೀವನಾಂಶವನ್ನೂ ಬಿಟ್ಟುಕೊಟ್ಟರೆ, ಅದು ಅವಳು ಬಿಡಬಹುದಾದ ಸ್ವತ್ತಲ್ಲ ಎಂದು ಸಹಿಗೆ ಮೊದಲೇ ಯಾರಾದರೂ ಹೇಳಬೇಕಲ್ಲವೇ? ಸ್ಥಿತಿವಂತ ಹೆಂಗಸರಿಗೂ ಉಚಿತ ವಕೀಲರೇಕೆ ಎಂದು ಕೇಳುವವರಿದ್ದಾರೆ. ಮನೆತನದ ಸ್ಥಿತಿ ಬೇರೆ, ಮನೆಬಿಟ್ಟು ಬಂದವಳ ಕೈಯಲ್ಲಿರುವ ಹಣ ಬೇರೆ. ಶಾಸನ ಈ ವ್ಯತ್ಯಾಸವನ್ನು ಗುರುತಿಸಿದ್ದು ಸರಿಯಾಗಿಯೇ ಇದೆ. ಆದಾಯ ಕಡಿಮೆಯಿರುವ ಗಂಡಸಿಗೂ ಅದೇ 12ನೇ ಕಲಮಿನಲ್ಲಿ ಜಾಗವಿದೆ.

ಸುಪರ್ದಿಯ ಪ್ರಕರಣಗಳಂತೂ ಒಂದೇ ಆದೇಶಕ್ಕೆ ಮುಗಿಯುವುದಿಲ್ಲ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮ ಹೇಳುತ್ತದೆ, ಮಗುವಿನ ಕ್ಷೇಮವೇ ಪರಮ ಎಂದೂ ಹೇಳುತ್ತದೆ. ಮಗು ಬೆಳೆದಂತೆ ಶಾಲೆ, ಭೇಟಿಯ ದಿನ, ಖರ್ಚು ಎಲ್ಲವೂ ಬದಲಾಗುತ್ತವೆ, ಆದೇಶದ ಮಾರ್ಪಾಡನ್ನು ಮತ್ತೆ ಕೇಳಬೇಕಾಗುತ್ತದೆ. ಈ ಎಲ್ಲ ಹಂತಗಳಿಗೂ ನೆರವು ವಿಸ್ತರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ. 1987ರ ಅಧಿನಿಯಮದ 2ನೇ ಕಲಮಿನಲ್ಲಿ ಕಾನೂನು ಸೇವೆಯ ವ್ಯಾಖ್ಯೆ ಪ್ರಕರಣ ನಡೆಸುವ ಯಾವುದೇ ಸೇವೆಯನ್ನೂ ಕಾನೂನು ಸಲಹೆಯನ್ನೂ ಒಳಗೊಂಡಿದೆ. ಜಿಲ್ಲಾ ಪ್ರಾಧಿಕಾರಗಳೂ ತಾಲ್ಲೂಕು ಸಮಿತಿಗಳೂ ವಕೀಲರ ನೇಮಕಪತ್ರದಲ್ಲೇ ಅಮಲ್ಜಾರಿ ಮತ್ತು ಮಾರ್ಪಾಡಿನ ಅರ್ಜಿಗಳನ್ನು ಸೇರಿಸಲಿ.