ಹೆಂಚಿನ ಶಾಲೆಯ ಹೊಸ್ತಿಲು

ಸೋಮನಾಥಪುರದ ದೇವಾಲಯದ ನಕ್ಷತ್ರಾಕಾರದ ಜಗತಿಯ ಬಗ್ಗೆ, ನಂಜನಗೂಡಿನ ಗೋಪುರದ ನೆಲೆಗಳ ಬಗ್ಗೆ ಪುಟಗಟ್ಟಲೆ ಬರೆದ ಪಂಡಿತರುಂಟು. ಅದೇ ನಂಜನಗೂಡು, ತಿ. ನರಸೀಪುರ ಸೀಮೆಯ ಹಳ್ಳಿಗಳ ಹೆಂಚಿನ ಶಾಲೆಗೂ ಒಂದು ಚರಿತ್ರೆ ಉಂಟು ಅಂತ ಅವರಿಗೆ ಅನ್ನಿಸಲಿಲ್ಲ.

ಹಿಂದೆ ಕೂಲಿಮಠ ನಡೀತಿದ್ದುದು ಗುಡಿ ಜಗಲೀಲಿ, ಚಾವಡೀಲಿ, ಇಲ್ಲಾ ಉಳ್ಳವರ ಪಡಸಾಲೇಲಿ. ಕೇರಿಯ ಮಕ್ಕಳು ಈ ಮೂರೂ ಮೆಟ್ಟಿಲು ಹತ್ತುವಂತಿರಲಿಲ್ಲ. ಅಂದರೆ ನಮಗೆ ಅಕ್ಷರ ತಪ್ಪಿಸಿದ್ದು ಬರೀ ಮೇಷ್ಟರಲ್ಲ, ಶಾಲೆ ಕೂತ ಜಾಗ. 1915ರಲ್ಲಿ ಮೈಸೂರು ಸರ್ಕಾರ ಪಂಚಮರ ಮಕ್ಕಳನ್ನೂ ಸರ್ಕಾರಿ ಶಾಲೆಗೆ ಸೇರಿಸಬೇಕೆಂದು ಹೇಳಿತು. ಆಗ ತಮ್ಮ ಮಕ್ಕಳನ್ನೇ ಶಾಲೆ ಬಿಡಿಸಿದ ಮೇಲ್ಜಾತಿಯವರೂ ಇದ್ದರು.

1950ರಲ್ಲಿ ಸಂವಿಧಾನ ಬಂತು. 1952ರ ಅಕ್ಟೋಬರ್ 2ರಂದು ನೆಹರೂ ಸರ್ಕಾರ ಸಮುದಾಯ ಅಭಿವೃದ್ಧಿ ಯೋಜನೆ ಶುರು ಮಾಡಿತು. ಶಾಲೆ, ಬಾವಿ, ರಸ್ತೆಗೆ ಸರ್ಕಾರದ್ದೊಂದು ಪಾಲು, ಊರಿನ ಶ್ರಮದಾನ ಒಂದು ಪಾಲು. ತಲೆತಲಾಂತರದಿಂದ ಬಿಟ್ಟಿ ಚಾಕರಿ ಮಾಡಿದವರಿಗೆ ಶ್ರಮದಾನ ಅನ್ನೋದು ಹೊಸ ಮಾತೇ? ಮಣ್ಣು ತುಳಿದು, ಕಲ್ಲು ಹೊತ್ತು ನಮ್ಮ ಜನ ಎಷ್ಟು ಗುಡಿ ಕಟ್ಟಿಲ್ಲ! ವ್ಯತ್ಯಾಸ ಒಂದೇ: ಗುಡಿ ಕಟ್ಟಿದ ಮೇಲೆ ಆಚೆ ನಿಲ್ಲಬೇಕಿತ್ತು, ಶಾಲೆ ಕಟ್ಟಿದ ಮೇಲೆ ಒಳಗೆ ಕೂರೋ ಹಕ್ಕಿತ್ತು.

ಆ ಕಟ್ಟಡವನ್ನೊಮ್ಮೆ ನೋಡಿ. ಸುಣ್ಣ ಬಳಿದ ಗೋಡೆ, ಮರದ ತೊಲೆ, ಮಂಗಳೂರು ಹೆಂಚು, ಮುಂದೊಂದು ಜಗಲಿ, ಒಳಗೆ ಉದ್ದನೆ ಹಾಲು. ಗರ್ಭಗುಡಿ ಇಲ್ಲ, ನೆಲ ಎಲ್ಲರಿಗೂ ಒಂದೇ ಮಟ್ಟ. ಇದೇ ಅದರ ಶಿಲ್ಪ.

ಆದರೆ ಜಾತಿ ಹೊಸ್ತಿಲಲ್ಲೇ ಉಳಿಯಲಿಲ್ಲ, ಒಳಕ್ಕೂ ಬಂತು. 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಆಯಿತು. 1961ರಲ್ಲಿ ಮೈಸೂರು ರಾಜ್ಯದ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆಯೂ ಆಯಿತು. ಆದರೂ 'ಹಿಂದಕ್ಕೋಗಿ ಕೂತ್ಕಳ್ಲಾ' ಅನ್ನೋ ಮಾತು ನಿಲ್ಲಲಿಲ್ಲ. ನೀರಿನ ಗಡಿಗೆ ಮುಟ್ಟಲಾಗದೆ ಬೊಗಸೆಯೊಡ್ಡಿ ನಿಂತ ಮಕ್ಕಳ ನೆನಪು ಕೇರಿಗಳಲ್ಲಿ ಇನ್ನೂ ಹಸಿಯಾಗಿದೆ. ನಂಜನಗೂಡು ತಾಲ್ಲೂಕಿನ ಬದನವಾಳು 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿ ಊರು. ಅಲ್ಲೇ 1993ರ ಮಾರ್ಚಿನಲ್ಲಿ, ಗುಡಿ ಪ್ರವೇಶದ ಜಗಳದ ಬೆನ್ನಿಗೆ ಮೂವರು ದಲಿತರ ಕೊಲೆಯಾಯಿತು. ಕಾನೂನು ತೆಗೆದ ಬಾಗಿಲನ್ನು ಊರು ಹೇಗೆ ಮುಚ್ಚುತ್ತದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೆ?

ಈಗ ಉಳ್ಳವರ ಮಕ್ಕಳು ಕಾನ್ವೆಂಟಿನ ವ್ಯಾನು ಹತ್ತುತ್ತಾರೆ. ಸರ್ಕಾರಿ ಶಾಲೆ ಬಡವರ ಪಾಲಿಗೆ ಉಳಿದಿದೆ. 1915ರಲ್ಲಿ ಮಕ್ಕಳನ್ನು ಬಿಡಿಸಿದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಮೇಷ್ಟ್ರೇ, ಗೆಳೆಯರೆ, ನಿಮ್ಮೂರ ಹಳೇ ಶಾಲೆ ಬೀಳೋ ಮೊದಲು ಕೇರಿಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಕಲ್ಲು ಹೊತ್ತವರು ಯಾರು, ಒಳಗೆ ಕೂತವರು ಯಾರು? ಬರೆದಿಡಿ. ಶಾಸನ ಕೆತ್ತಿಸಲು ನಮಗೆ ರಾಜರಿಲ್ಲ.