ಗೂಬೆಯ ಫೋಟೋ: ಕೊರ್ಲಿಮ್‌ನಿಂದ ಘಟ್ಟದ ಕಾಡಿನವರೆಗೆ ತಿಳಿದಿರಬೇಕಾದ ಸಂಗತಿಗಳು

ಪಣಜಿ-ಬೆಳಗಾವಿ ಹೆದ್ದಾರಿಯಲ್ಲಿ ಓಲ್ಡ್ ಗೋವಾ ದಾಟಿದರೆ ಸಿಗುವ ಊರು ಕೊರ್ಲಿಮ್. ಹೊರಗಿನವರಿಗೆ ಇದು ಕೈಗಾರಿಕಾ ವಸಾಹತು ಅಷ್ಟೇ. ಆದರೆ ಪಕ್ಕದಲ್ಲೇ ಕರ್ಮಳಿ ಕೆರೆ ಇದೆ. ಚಳಿಗಾಲದಲ್ಲಿ ವಲಸೆ ಬಾತುಗಳನ್ನು ನೋಡಲು ದೇಶದ ನಾನಾ ಕಡೆಗಳಿಂದ ಕ್ಯಾಮೆರಾ ಹೊತ್ತವರು ಇಲ್ಲಿಗೆ ಬರುತ್ತಾರೆ. ಕೆರೆಯ ಹಕ್ಕಿಗಳು ಮುಗಿದ ಮೇಲೆ ಅವರಲ್ಲಿ ಹಲವರು ಊರವರನ್ನು ಕೇಳುವ ಪ್ರಶ್ನೆ ಒಂದೇ: "ಇಲ್ಲಿ ಗೂಬೆ ಎಲ್ಲಿ ಕೂರುತ್ತದೆ?" ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಯೋಚಿಸಬೇಕು. ಏಕೆ ಎಂಬುದನ್ನು ಮುಂದೆ ನೋಡೋಣ.

ಹೊಸದಾಗಿ ಕ್ಯಾಮೆರಾ ಹಿಡಿದವರಿಗೆ ಸುಲಭವಾಗಿ ಸಿಗುವುದು ಹಾಲಕ್ಕಿ. ಮರಾಠಿಯಲ್ಲಿ ಇದಕ್ಕೆ ಪಿಂಗಳಾ ಎನ್ನುತ್ತಾರೆ. ಸುಮಾರು 21 ಸೆಂ.ಮೀ. ಉದ್ದದ, ಬಿಳಿ ಚುಕ್ಕೆಗಳ ಈ ಪುಟ್ಟ ಗೂಬೆ ಹಳೆಯ ಮಾವಿನ ಮರದ ಪೊಟರೆಯಲ್ಲಿ, ಕಲ್ಲುಗೋಡೆಯ ಸಂದಿನಲ್ಲಿ ವಾಸಿಸುತ್ತದೆ. ಬುಡಬುಡಕೆಯವರು ಶಕುನ ಹೇಳುವುದು ಇದರ ಹೆಸರಿನಲ್ಲೇ. ಬೆಳಿಗ್ಗೆ ಪೊಟರೆಯ ಬಾಯಲ್ಲಿ ಬಿಸಿಲು ಕಾಯಿಸುತ್ತಾ ಕೂರುವ ಅಭ್ಯಾಸ ಇದಕ್ಕಿರುವುದರಿಂದ ಫ್ಲಾಶ್ ಬೇಕಾಗುವುದೇ ಇಲ್ಲ. ಕಣಜ ಗೂಬೆ ಹಾಗಲ್ಲ, ಅದು ಪೂರ್ತಿ ರಾತ್ರಿಯ ಹಕ್ಕಿ, ಪಾಳು ಕಟ್ಟಡಗಳ ನಿವಾಸಿ. ಹಳ್ಳದ ದಂಡೆಯ ದೊಡ್ಡ ಮರಗಳಲ್ಲಿ ಮೀನುಗೂಬೆ ಇರುತ್ತದೆ. ಮೊಲ್ಲೆಮ್, ಕೋಟಿಗಾಂವ್ ಹಾಗೂ ನಮ್ಮ ಕಡೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ದಟ್ಟ ಕಾಡಿನಲ್ಲಿ ಕಾಡುಗೂಬೆ ಸಿಗುತ್ತದೆ. ಅಲ್ಲಿಗೆ ಹೋಗುವವರು ಅರಣ್ಯ ಇಲಾಖೆಯ ಪರವಾನಗಿ, ಕ್ಯಾಮೆರಾ ಶುಲ್ಕ, ಪ್ರವೇಶದ ಸಮಯ ಇವನ್ನೆಲ್ಲ ಮೊದಲೇ ವಿಚಾರಿಸಿಕೊಳ್ಳಬೇಕು.

ಗೂಬೆಯನ್ನು ಹುಡುಕಲು ಮೊದಲು ನೆಲ ನೋಡಬೇಕು. ಮರದ ಬುಡದಲ್ಲಿ ಸುಣ್ಣ ಚೆಲ್ಲಿದಂಥ ಹಿಕ್ಕೆ, ಇಲಿಯ ಕೂದಲು-ಎಲುಬು ಸೇರಿದ ಉಂಡೆಗಳು ಬಿದ್ದಿದ್ದರೆ ಮೇಲೆ ಗೂಬೆ ಇದೆ ಎಂದರ್ಥ. ನುಂಗಿದ ಬೇಟೆಯಲ್ಲಿ ಜೀರ್ಣವಾಗದ್ದನ್ನು ಅದು ಹೀಗೆ ಉಂಡೆ ಮಾಡಿ ಉಗುಳುತ್ತದೆ. ಹಗಲಲ್ಲಿ ಕಾಗೆ, ಕಾಜಾಣಗಳು ಒಂದೇ ಕೊಂಬೆಯ ಸುತ್ತ ಗಲಾಟೆ ಮಾಡುತ್ತಿದ್ದರೂ ಅನುಮಾನಿಸಬಹುದು.

ಕ್ಯಾಮೆರಾ ವಿಷಯಕ್ಕೆ ಬಂದರೆ, 300ರಿಂದ 400 ಮಿ.ಮೀ. ಲೆನ್ಸ್ ಮತ್ತು ಗಟ್ಟಿ ಟ್ರೈಪಾಡ್ ಇದ್ದರೆ ಸಾಕು. ಗೂಬೆ ಬಹಳ ಹೊತ್ತು ಅಲುಗಾಡದೆ ಕೂರುವುದರಿಂದ ಮುಸ್ಸಂಜೆಯಲ್ಲೂ ಸೆಕೆಂಡಿನ 30ನೇ ಅಥವಾ 60ನೇ ಒಂದು ಭಾಗದ ಶಟರ್ ವೇಗದಲ್ಲಿ ಒಳ್ಳೆಯ ಚಿತ್ರ ಬರುತ್ತದೆ. ಐಎಸ್ಒ 1600 ಇಟ್ಟರೂ ಇಂದಿನ ಕ್ಯಾಮೆರಾಗಳಿಗೆ ತೊಂದರೆಯಿಲ್ಲ. ಗೂಬೆಯ ಕಣ್ಣುಗುಡ್ಡೆ ನಮ್ಮ ಹಾಗೆ ಹೊರಳುವುದಿಲ್ಲ, ಅದು ಕತ್ತನ್ನೇ ಸುಮಾರು 270 ಡಿಗ್ರಿ ತಿರುಗಿಸುತ್ತದೆ. ಆದ್ದರಿಂದ ಅದರ ಬೆನ್ನ ಹಿಂದೆ ನಿಂತವರಿಗೂ ಮುಖ ಸಿಗುತ್ತದೆ. ತಾಳ್ಮೆ ಬೇಕು, ಅಷ್ಟೇ.

ತಾಳ್ಮೆ ಇಲ್ಲದವರು ಮಾಡುವುದೇ ಬೇರೆ. ಮೊಬೈಲಿನಲ್ಲಿ ಗೂಬೆಯ ಕೂಗು ಹಾಕಿ ಕರೆಯುವುದು, ದಾರ ಕಟ್ಟಿದ ಇಲಿ ಬಿಡುವುದು, ಪೊಟರೆಗೆ ಟಾರ್ಚ್ ಹಾಕುವುದು ಎಲ್ಲ ನಡೆಯುತ್ತದೆ. ಕೂಗು ಕೇಳಿದ ಗೂಬೆ ತನ್ನ ಜಾಗಕ್ಕೆ ಇನ್ನೊಂದು ಬಂದಿದೆ ಎಂದು ಬೇಟೆ ಬಿಟ್ಟು ಓಡಿ ಬರುತ್ತದೆ. ಗೂಡಿನ ಹತ್ತಿರ ಹೋಗುವುದು ಮನುಷ್ಯನಿಗೂ ಅಪಾಯ. ಇಂಗ್ಲೆಂಡಿನ ಹೆಸರಾಂತ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಡಿನ ಬಳಿ ಗೂಬೆಯ ದಾಳಿಗೆ ಸಿಕ್ಕಿ ಎಡಗಣ್ಣು ಕಳೆದುಕೊಂಡರು. ಭಾರತದಲ್ಲಿ ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ಅಡ್ಡಿಪಡಿಸುವುದೂ 'ಬೇಟೆ'ಯ ವ್ಯಾಖ್ಯೆಯೊಳಗೇ ಬರುತ್ತದೆ. ಇದು ಬಹಳ ಫೋಟೋಗ್ರಾಫರುಗಳಿಗೆ ಗೊತ್ತಿಲ್ಲ.

ಈಗ ಮೊದಲಿನ ಪ್ರಶ್ನೆ. ಗೂಬೆ ಕೂರುವ ಮರ ತೋರಿಸಿದರೆ ಏನಾಗುತ್ತದೆ? ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆಯ ಭಾರತ ವಿಭಾಗ 2010ರಲ್ಲಿ ಪ್ರಕಟಿಸಿದ ವರದಿಯಂತೆ, ದೇಶದ 30 ಜಾತಿಯ ಗೂಬೆಗಳಲ್ಲಿ 15 ಜಾತಿಗಳು ಕಳ್ಳವ್ಯಾಪಾರದಲ್ಲಿ ಸಿಕ್ಕಿವೆ. ಮಾಟ-ಮಂತ್ರ, ಬಲಿ ಮುಖ್ಯ ಕಾರಣ. ದೀಪಾವಳಿ ಹತ್ತಿರ ಬಂದಂತೆ ಬೇಡಿಕೆ ಏರುತ್ತದೆ. ಲಕ್ಷ್ಮಿಯ ವಾಹನ ಎಂದು ಪಟದಲ್ಲಿ ಕೈಮುಗಿಯುವುದೂ ನಾವೇ, ಲಕ್ಷ್ಮಿ ಬರಲಿ ಎಂದು ಅದನ್ನೇ ಕೊಯ್ಯುವುದೂ ನಾವೇ! ಗೂಬೆ ದಿನವೂ ಅದೇ ಕೊಂಬೆಗೆ ಮರಳುವ ಹಕ್ಕಿಯಾದ್ದರಿಂದ ಜಾಗ ಗೊತ್ತಾದರೆ ಹಿಡಿಯುವುದು ಕಷ್ಟವಲ್ಲ. ಆದ್ದರಿಂದ ಚಿತ್ರ ಹಂಚಿಕೊಳ್ಳುವಾಗ ತಾಲೂಕು ಅಥವಾ ಜಿಲ್ಲೆಯ ಹೆಸರಷ್ಟೇ ಹಾಕುವುದು ಒಳ್ಳೆಯದು. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಸ್ಥಳದ ಅಕ್ಷಾಂಶ-ರೇಖಾಂಶ ದಾಖಲಾಗಿರಬಹುದು, ಆ ಸೌಲಭ್ಯವನ್ನು ಮೊದಲೇ ಬಂದ್ ಮಾಡಿಡಿ. ಅಪರಿಚಿತರು ಮರ ಕೇಳಿದರೆ ಕೆರೆ ತೋರಿಸಿ ಕಳಿಸಿದರೂ ತಪ್ಪಿಲ್ಲ.

ಬೇಸಿಗೆಯಲ್ಲಿ ಗೂಬೆಮರಿಗಳು ಹಾರಲು ಕಲಿಯುವಾಗ ನೆಲಕ್ಕೆ ಬೀಳುವುದುಂಟು. ಮರಿಗೆ ಗಾಯವಿಲ್ಲದಿದ್ದರೆ ಹತ್ತಿರದ ಕೊಂಬೆಯ ಮೇಲಿಟ್ಟು ದೂರ ಸರಿಯಿರಿ, ಕತ್ತಲಾದ ಮೇಲೆ ತಾಯಿ ಬರುತ್ತದೆ. ಗಾಯವಾಗಿದ್ದರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಬಾಯಿಗೆ ನೀರು ಸುರಿಯಬೇಡಿ, ಫೋಟೋಕ್ಕಾಗಿ ಪೆಟ್ಟಿಗೆ ತೆರೆಯಲೂ ಬೇಡಿ.